ಬಿಳಿ ಗೆರೆಯ ಬಂಡೆ

ಊರಲ್ಲಿ ತುಂಗೆ ಏರುವುದು ಮೆಟ್ಟಿಲು ಮೆಟ್ಟಿಲಾಗಿ. ನಿಂತು ನೋಡಲು ಪುರುಸೊತ್ತಿರುತ್ತದೆ. ಅಮೆರಿಕದ ಕೊಲರಾಡೊದಲ್ಲೂ ಜುಲೈ ಮಳೆಗೆ ಮಾನ್ಸೂನ್ ಎಂದೇ ಹೆಸರು ಅಂದಾಗ ಅಪ್ಪಯ್ಯ ನಂಬಿರಲಿಲ್ಲ. ಮಧ್ಯಾಹ್ನ ಒಂದು ಗಂಟೆ ಹೊತ್ತು ಗುಡುಗಿ ಹೋಗುವುದು ಎಂಥ ಮುಂಗಾರು?

ಆ ದಿನ ಅಪ್ಪಯ್ಯನೂ ನಾನೂ ಎಸ್ಟೆಸ್ ಪಾರ್ಕ್ ಎಂಬ ಬೆಟ್ಟದೂರು ನೋಡಿಕೊಂಡು ಬಿಗ್ ಥಾಂಪ್ಸನ್ ಕಣಿವೆಯಲ್ಲಿ ಇಳಿಯುತ್ತಿದ್ದೆವು. ಒಂದು ಕಡೆ ಬಂಡೆಗೋಡೆ, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ. ನಮ್ಮ ಮೇಲೆ ಒಂದು ಹನಿಯೂ ಇಲ್ಲ. ಬಡಗಣ ಗುಡ್ಡದ ಹಿಂದೆ ಮಾತ್ರ ಮೋಡ ಕಪ್ಪಗೆ ನಿಂತಿತ್ತು. ಡ್ರೇಕ್ ಎಂಬ ಪುಟ್ಟ ಊರು ದಾಟುವಾಗ ಫೋನು ಕಿರುಚಿತು: ದಿಢೀರ್ ಪ್ರವಾಹದ ಎಚ್ಚರಿಕೆ. ಇನ್ನು ಸ್ವಲ್ಪ ಹೊತ್ತಿಗೆ ಬಯಲು ಸಿಗುತ್ತದಲ್ಲ ಅಂತ ನಾನು ಆಕ್ಸಿಲರೇಟರ್ ಒತ್ತಿದೆ.

"ನಿಲ್ಸು ಮಾರಾಯ, ನೀರಿನ ಬಣ್ಣ ನೋಡು" ಅಂದರು ಅಪ್ಪಯ್ಯ.

ಬೆಳಿಗ್ಗೆ ತಳದ ಕಲ್ಲು ಎಣಿಸಬಹುದಾಗಿದ್ದ ಹೊಳೆ ಮಸಿ ಕದಡಿದಂತಿತ್ತು. ಡ್ರೇಕ್‌ನಲ್ಲಿ ಬಂದು ಸೇರುವ ಉತ್ತರದ ಕವಲಿನ ಕಾಡು 2020ರ ಕ್ಯಾಮರೂನ್ ಪೀಕ್ ಕಾಳ್ಗಿಚ್ಚಿಗೆ ಸಿಕ್ಕಿತ್ತು. ಒಟ್ಟು ಎರಡು ಲಕ್ಷ ಎಕರೆಗೂ ಹೆಚ್ಚು ಸುಟ್ಟ ಬೆಂಕಿ ಅದು. ಸುಟ್ಟ ನೆಲ ನೀರು ಕುಡಿಯುವುದಿಲ್ಲ. ಬಿದ್ದದ್ದೆಲ್ಲ ಕೆಳಗೆ ಓಡುತ್ತದೆ.

ಕಾರು ನಿಲ್ಲಿಸಿದಲ್ಲೇ ಆ ಫಲಕವಿತ್ತು. ಪ್ರವಾಹ ಬಂದರೆ ಬೆಟ್ಟ ಹತ್ತಿ ಜೀವ ಉಳಿಸಿಕೊಳ್ಳಿ ಎನ್ನುವ ಫಲಕ. ನೂರು ಸಲ ದಾಟಿ ಹೋಗಿದ್ದೆ. 1976ರ ಜುಲೈ 31ರ ಸಂಜೆ ಇದೇ ಕಣಿವೆಯ ನೆತ್ತಿಯಲ್ಲಿ, ಮೇಲೆ ಗಾಳಿಯ ಬಲವಿಲ್ಲದೆ, ಮೋಡವೊಂದು ಕದಲದೆ ನಿಂತು ನಾಲ್ಕು ಗಂಟೆಯಲ್ಲಿ 12 ಇಂಚಿನವರೆಗೆ ಸುರಿಯಿತು. 144 ಜನ ಹೋದರು. ಕಾರಲ್ಲೇ ಪಾರಾಗುತ್ತೇವೆಂದು ಹೊರಟವರು ಎಷ್ಟೋ ಜನ. ಎಚ್ಚರಿಸಲು ಹೋದ ಇಬ್ಬರು ಪೊಲೀಸರೂ ಅದರಲ್ಲಿದ್ದರು. ಅವರನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಹತ್ತಿದೆವು. ಕಾಲಡಿ ಜಲ್ಲಿ ಜಾರುತ್ತಿತ್ತು. ಅಪ್ಪಯ್ಯನಿಗೆ ಮಂಡಿನೋವು, ಪೈನ್ ಬೇರು ಹಿಡಿದು ಮೇಲೆ ಬಂದರು. ನಮ್ಮ ಕೂಗಿಗೆ ಹಿಂದಿನ ಕಾರಿನವರೂ ನಿಂತರು. ಆ ತಾಯಿ ಮಗುವನ್ನು ನನ್ನ ಕೈಗಿತ್ತು ತಾನು ಹತ್ತಿದಳು.

"ಆ ಬಿಳಿ ಗೆರೆ ಬಂಡೆ ಮೇಲೆ ಕಣ್ಣಿಡು" ಅಂದರು ಅಪ್ಪಯ್ಯ. ನಮ್ಮ ಕಾರಿನ ಅರ್ಧದಷ್ಟಿತ್ತು ಅದು. ನೀರು ಅದರ ಬುಡದಲ್ಲಿತ್ತು. ಮಗುವಿಗೆ ನೀರು ಕುಡಿಸಿ ತಿರುಗುವಷ್ಟರಲ್ಲಿ ಗೆರೆ ಮುಚ್ಚಿತ್ತು. ಮತ್ತೆ ನೋಡಿದರೆ ಬಂಡೆಯೇ ಕಾಣಲಿಲ್ಲ. ಬಚ್ಚಲೊಲೆಗೆ ನೀರು ಹೊಯ್ದಾಗಿನ ವಾಸನೆ ಕಣಿವೆ ತುಂಬಿತು. ಸುಟ್ಟ ಮರಗಳು ನೆಟ್ಟಗೆ ಎದ್ದು ಮಗುಚುತ್ತಿದ್ದವು. ನೀರಿನ ಸದ್ದಿಗಿಂತ ಅದರೊಳಗೆ ಕಲ್ಲಿಗೆ ಕಲ್ಲು ಗುದ್ದುವ ಸದ್ದು ದೊಡ್ಡದು. ಕೂತ ನೆಲ ಅದುರುತ್ತಿತ್ತು.

ಹೊಳೆ ರಸ್ತೆಯಂಚಿನ ಬಿಳಿ ಪಟ್ಟಿ ಮುಟ್ಟಿ, ಅಲ್ಲೇ ಸ್ವಲ್ಪ ಹೊತ್ತು ತೂಗಿ, ಇಳಿಯತೊಡಗಿತು. ಗಂಟೆಯ ಮೇಲೆ ನಾವೂ ಇಳಿದೆವು. ಅಪ್ಪಯ್ಯ ಕಾರು ಹತ್ತಲಿಲ್ಲ. ದಡದಲ್ಲಿ ನಿಂತು ಬಂಡೆ ಹುಡುಕುತ್ತಿದ್ದರು.

ಅದು ಅಲ್ಲಿರಲಿಲ್ಲ.