ಆಸ್ಟ್ರೇಲಿಯಾದ ಜಿನ್ನು, ನಮ್ಮ ಬೇಲಿ ಮ್ಯಾಲಿನ ಹೂವು

ಜಿನ್ ಅನ್ನೋ ಮದ್ಯ ಅಂದ್ರ ಬ್ರಿಟಿಷರದ್ದು ಅಂತ ಸುಮಾರು ಜನ ತಿಳ್ಕೊಂಡಾರ, ಆದ್ರ ಈಗ ಅದರಾಗ ಭಾಳ ಛಲೋ ಕೆಲಸ ನಡದಿರೋದು ಆಸ್ಟ್ರೇಲಿಯಾದಾಗ. ಜೂನಿಪರ್ ಕಾಯಿ ಇಲ್ಲದ ಜಿನ್ ಆಗೋದಿಲ್ಲ, ಅದು ಅಲ್ಲಿ ಮೂಲದ ಗಿಡ ಅಲ್ಲ, ಆದ್ರ ಅದರ ಜೋಡಿ ಹಾಕೋದ್ರಾಗ ಭಾಳಷ್ಟು ಅಲ್ಲಿ ಕಾಡಿನ ಮಾಲು. ಲೆಮನ್ ಮರ್ಟಲ್ ಅಂತ ಒಂದು ಎಲಿ ಐತಿ, ನಮ್ಮ ಮಜ್ಜಿಗಿ ಹುಲ್ಲಿಗೆ ನಿಂಬಿ ವಾಸನಿ ಕೊಡೋ ಸಿಟ್ರಾಲ್ ಅದರಾಗೂ ಐತಿ, ಇನ್ನೂ ಜಾಸ್ತಿನ, ಎಣ್ಣಿ ತೆಗದ್ರ ಸುಮಾರು 90 ಪರ್ಸೆಂಟ್ ಅದ. ಟಾಸ್ಮೇನಿಯಾದ ಪೆಪ್ಪರ್‌ಬೆರಿ ನಮ್ಮ ಕರಿಮೆಣಸಿನ ಕುಲದ್ದಲ್ಲ, ಆದ್ರ ಖಾರ ಹತ್ತಿ ಆಮ್ಯಾಲ ನಾಲಿಗಿ ಜುಮ್ ಅಂತೈತಿ. ಯಾರಾ ವ್ಯಾಲಿಯ ಫೋರ್ ಪಿಲ್ಲರ್ಸ್‌ನವರು 2013ರಾಗ ಶುರು ಮಾಡಿದ ಜಿನ್‌ನಾಗ ಇವೆರಡೂ ಅದಾವ. ಹಸಿರು ಇರುವಿ ಹಾಕಿದ ಜಿನ್ನೂ ಐತ್ರಿ, ಖರೇನ!

ನನಗ ಎಲ್ಲಕ್ಕಿಂತ ಸೇರೋದು ನ್ಯೂ ಸೌತ್ ವೇಲ್ಸ್‌ನ ಹಸ್ಕ್‌ನವರ ಇಂಕ್ ಜಿನ್. ಅದರ ನೀಲಿ ಬರೋದು ಶಂಖಪುಷ್ಪದಿಂದ, ನಮ್ಮ ಗಂಗಾವತಿ ಕಡೆ ಬೇಲಿ ಮ್ಯಾಲ ಹಬ್ಬಿರತೈತಲ್ಲ, ಅದ ಹೂವು. ಜಿನ್‌ಗೆ ಬೆರಸೋ ಟಾನಿಕ್ ನೀರಿನ ಹುಳಿ ಬಿದ್ದ ಕೂಡ್ಲೆ ನೀಲಿ ಹೋಗಿ ಗುಲಾಬಿ ಆಗ್ತೈತಿ, ಹೂವಿನಾಗಿರೋ ಆಂಥೋಸಯನಿನ್ ಅನ್ನೋ ಬಣ್ಣ ಮಾಡೋ ಕೆಲಸ ಅದು, ಕುಡಿಯದವರು ಬಿಸಿನೀರಾಗ ಹೂವು ನೆನಸಿ ನಿಂಬಿಹಣ್ಣು ಹಿಂಡಿ ನೋಡ್ರಿ, ಮಕ್ಕಳಿಗೂ ತೋರಸ್ರಿ.

ನಮ್ಮ ದೇಶದಾಗ ಹಪುಸಾ ಅನ್ನೋ ಜಿನ್ನನ್ನ ಹಿಮಾಲಯದ ಜೂನಿಪರ್ ಹಾಕಿ ಮಾಡ್ಯಾರ, ಅದು ದೊಡ್ಡ ಮಾತು. ಇನ್ನ ಆನೆಗುಂದಿ ಕಡೆ ಕವಳಿ ಹಣ್ಣು ಹಾಕಿ ಯಾರರ ಒಂದು ಮಾಡಬೇಕ್ರಿ, ಆ ಹುಳಿಗೆ ಆಸ್ಟ್ರೇಲಿಯಾದ ಯಾವ ಹಣ್ಣೂ ಸಾಟಿ ಆಗೋದಿಲ್ಲ ಅಂತ ನನ್ನ ನಂಬಿಕಿ.