ಗೋಡೆಯ ಮೇಲಿನ ಎರಡು ನೆರಳು

ಆ ಬೆಳಿಗ್ಗೆ ನನ್ನ ಕೈಗೆ ಬಂದ ಮರದ ಕ್ಲಬ್‌ಗಳು, ಅಂದರೆ ವ್ಯಾಯಾಮಕ್ಕೆಂದು ಕೈಯಲ್ಲಿ ಹಿಡಿದು ತಿರುಗಿಸುವ ಪುಟ್ಟ ಗದೆಯಂಥವು, ತಲಾ ಅರ್ಧ ಕಿಲೋ ತೂಗುತ್ತಿದ್ದವು. ಇಪ್ಪತ್ತು ವರ್ಷ ಬ್ಯಾಡ್ಮಿಂಟನ್ ಆಡಿ, ವಾರಕ್ಕೆ ಮೂರು ದಿನ ಡಂಬೆಲ್ ಎತ್ತಿ ಗಟ್ಟಿಯಾಗಿದ್ದ ಕೈಗೆ ಅದು ತೂಕವೆಂದೇ ಅನ್ನಿಸಲಿಲ್ಲ. ಹತ್ತು ನಿಮಿಷ ತುಂಬುವಷ್ಟರಲ್ಲಿ ಬಲಭುಜ ಒಳಗಿನಿಂದ ಸಣ್ಣಗೆ ನಡುಗತೊಡಗಿತು.

ಅದಕ್ಕೂ ಮೊದಲಿನ ನಾಲ್ಕು ತಿಂಗಳು ಬಲಮಗ್ಗುಲಲ್ಲಿ ಮಲಗಲು ಆಗುತ್ತಿರಲಿಲ್ಲ. ಅಂಗಿಯ ತೋಳಿಗೆ ಕೈ ತೂರಿಸುವಾಗ, ಮೇಲಿನ ಕಪಾಟಿನಿಂದ ಪುಸ್ತಕ ತೆಗೆಯುವಾಗ ಭುಜದ ಹೊರಬದಿಯಲ್ಲಿ ಚಳುಕು ಹೊಡೆಯುತ್ತಿತ್ತು. ಏನೂ ಹರಿದಿಲ್ಲ, ಸ್ನಾಯುರಜ್ಜು ಕೆರಳಿದೆ ಎಂದರು ವೈದ್ಯರು. ವಿಶ್ರಾಂತಿ ಕೊಟ್ಟೆ, ನೋವು ಇಳಿಯಿತು. ಮತ್ತೆ ಕೋರ್ಟಿಗಿಳಿದು ಎರಡು ಸ್ಮ್ಯಾಶ್ ಹೊಡೆದದ್ದೇ ತಡ, ಮರಳಿ ಬಂತು. ಹೀಗೆ ಎರಡು ಬಾರಿ ಆದ ಮೇಲೆ, ಇನ್ನು ಆಟ ಮುಗಿಯಿತೇನೋ ಎಂಬ ಭಯ ನಿಜವಾಗಿಯೂ ಹಿಡಿಯಿತು.

ಫಿಸಿಯೊಥೆರಪಿಸ್ಟ್ ನನ್ನನ್ನು ಖಾಲಿ ಗೋಡೆಯ ಎದುರು ನಿಲ್ಲಿಸಿದರು. ಹಿಂದಿನ ಕಿಟಕಿಯಿಂದ ಬೆಳಗಿನ ಬಿಸಿಲು ಬೀಳುತ್ತಿತ್ತು. ಮೊದಲು ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗಾಟ, ಆಮೇಲೆ ಮೈಯ ಮುಂದೆ ತೋಳು ಚಾಚಿ ಪೂರ್ಣ ಸುತ್ತು. ‘ಕ್ಲಬ್ ನೋಡಬೇಡಿ, ನೆರಳು ನೋಡಿ’ ಎಂದರು. ಎಡಗೈಯ ನೆರಳು ಗೋಡೆಯ ಮೇಲೆ ದುಂಡಗೆ ತಿರುಗಿತು. ಬಲಗೈಯದು ಕೆಳಗಿನಿಂದ ಸರಾಗವಾಗಿ ಏರಿ, ಕಿವಿಯ ಮಟ್ಟ ದಾಟುತ್ತಲೇ ಮೊಣಕೈ ಮಡಿಚಿಕೊಂಡು ಅಡ್ಡದಾರಿ ಹಿಡಿದು ಕೆಳಗಿಳಿಯುತ್ತಿತ್ತು. ವೃತ್ತದ ಮೇಲ್ಭಾಗವನ್ನು ಯಾರೋ ಕತ್ತರಿಸಿ ಒಯ್ದಂತೆ. ನಾನು ಎರಡೂ ಕೈಯನ್ನು ಒಂದೇ ರೀತಿ ತಿರುಗಿಸುತ್ತಿದ್ದೇನೆ ಎಂದೇ ನಂಬಿದ್ದೆ. ಡಂಬೆಲ್ ಎತ್ತಿದ ಅಷ್ಟು ವರ್ಷಗಳಲ್ಲಿ ಈ ಕೊರತೆ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಭಾರವನ್ನು ಹೇಗಾದರೂ ಮೇಲಕ್ಕೆ ನೂಕಬಹುದು, ದುಂಡನೆಯ ಸುತ್ತನ್ನು ಹಾಗೆ ಕದಿಯಲು ಬರುವುದಿಲ್ಲ.

ಭುಜದ ರಚನೆಯನ್ನು ಅರಿತರೆ ಇದು ಸ್ಪಷ್ಟವಾಗುತ್ತದೆ. ತೋಳಿನ ಮೂಳೆಯ ತಲೆ ದೊಡ್ಡ ಗುಂಡು, ಅದು ಕೂರುವ ಗುಳಿಯೋ ಬಹಳ ಚಿಕ್ಕದು, ಆಳವೂ ಕಡಿಮೆ. ಸೊಂಟದ ಕೀಲಿನಂತೆ ಬಿಗಿಯಾದ ಬಟ್ಟಲು ಅಲ್ಲಿಲ್ಲ. ಆ ಗುಂಡನ್ನು ಗುಳಿಯ ನಡುವೆ ಹಿಡಿದಿಡುವ ಕೆಲಸದ ಬಹುಪಾಲು ರೊಟೇಟರ್ ಕಫ್‌ನ ನಾಲ್ಕು ಸಣ್ಣ ಸ್ನಾಯುಗಳ ಮೇಲೆ ಬೀಳುತ್ತದೆ. ತೋಳನ್ನು ತಲೆಯ ಮೇಲಕ್ಕೆ ಸುಮಾರು 180 ಡಿಗ್ರಿ ಎತ್ತುವಾಗ ಭುಜದ ಕೀಲು ಕೊಡುವುದು ಸುಮಾರು 120 ಡಿಗ್ರಿ. ಉಳಿದ 60 ಡಿಗ್ರಿಯನ್ನು ಬೆನ್ನಿನ ಮೇಲಿನ ಹೆಗಲ ಹಲಗೆ ತಿರುಗಿ ಒದಗಿಸಬೇಕು. ನನ್ನ ಬಲ ಹಲಗೆ ಆ ಪಾಲನ್ನು ಕೊಡುತ್ತಿರಲಿಲ್ಲ. ಸಾಲವೆಲ್ಲ ಕೀಲಿನ ತಲೆಗೆ ಬೀಳುತ್ತಿತ್ತು, ಪ್ರತಿ ಸ್ಮ್ಯಾಶ್‌ನಲ್ಲೂ.

ಕಷ್ಟವಾದದ್ದು ತಲೆಯ ಹಿಂದಿನ ಸಣ್ಣ ಸುತ್ತು. ಮೊಣಕೈ ಮೇಲಕ್ಕಿರಬೇಕು, ಕ್ಲಬ್ ಹಿಂದೆ ಜೋತು ಬೆನ್ನನ್ನು ಸವರಿದಂತೆ ತಿರುಗಿ ಹೊರಬರಬೇಕು. ಎಡಗಡೆ ಬಂತು. ಬಲಗಡೆ ಕ್ಲಬ್ ನೇರವಾಗಿ ಹಲಗೆಯ ಮೂಳೆಗೆ ತಾಗಿ ನಿಂತಿತು. ಹಟದಿಂದ ಮತ್ತೆ ಬೀಸಿದೆ; ಈ ಸಲ ತಿರುಗಿತು. ಆದರೆ ಅವರು ನನ್ನ ಕೆಳಪಕ್ಕೆಲುಬಿನ ಮೇಲೆ ಅಂಗೈ ಇಟ್ಟು, ‘ಇಲ್ಲಿ ನೋಡಿ’ ಎಂದರು. ಪಕ್ಕೆಲುಬು ಉಬ್ಬಿ, ಸೊಂಟ ಹಿಂದಕ್ಕೆ ಬಾಗಿತ್ತು. ಭುಜ ಮಾಡದ ಕೆಲಸವನ್ನು ಬೆನ್ನು ಸದ್ದಿಲ್ಲದೆ ಮಾಡಿಕೊಟ್ಟಿತ್ತು.

ಆಮೇಲೆ ಅವರು ನನ್ನ ಹಿಡಿತ ನೋಡಿದರು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಹಿಡಿಕೆಯ ತುದಿಯಲ್ಲಿ ಒಂದು ಗುಬುಟು ಇರುತ್ತದೆ, ಕ್ಲಬ್ ಕೈಜಾರದಂತೆ ತಡೆಯುವುದು ಅದರ ಕೆಲಸ. ಕಿರುಬೆರಳು, ಉಂಗುರಬೆರಳುಗಳನ್ನು ಸಡಿಲಿಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕ್ಲಬ್ ತಿರುಗಲು ಬಿಡಲು ಹೇಳಿದರು. ‘ಅದು ಬೀಳಲಿ, ಬಿಡಿ. ಬೀಳುವುದಕ್ಕೆ ದಾರಿ ತೋರಿಸಿದರೆ ಸಾಕು.’

ಸಡಿಲಿಸಿದೆ. ಕ್ಲಬ್ ತನ್ನ ತೂಕದಿಂದಲೇ ಕೆಳಗಿಳಿಯಿತು. ಸುತ್ತಿನ ತಳದಲ್ಲಿ ತೋಳನ್ನು ಮೆಲ್ಲನೆ ಹೊರಕ್ಕೆ ಜಗ್ಗಿತು, ಅದೇ ವೇಗದಲ್ಲಿ ಮೇಲಕ್ಕೆ ಏರಿತು. ಆ ಜಗ್ಗುವಿಕೆಯನ್ನು ನಾನು ಇಂದಿಗೂ ಮರೆತಿಲ್ಲ. ನೋವಿನ ಭಯದಿಂದ ತಿಂಗಳುಗಟ್ಟಲೆ ಮುದುಡಿಕೊಂಡಿದ್ದ ಭುಜಕ್ಕೆ ಯಾರೋ ಜಾಗ ಮಾಡಿಕೊಟ್ಟ ಹಾಗಿತ್ತು. ಗುಂಡು ಗುಳಿಯಿಂದ ಸರಿಯದಂತೆ ಒಳಗಿನ ಸಣ್ಣ ಸ್ನಾಯುಗಳು ದುಡಿಯುತ್ತಿದ್ದವು. ನಡುಕ ಬಂದದ್ದು ಅಲ್ಲಿಂದ.

ಈ ಹಗುರ ಕ್ಲಬ್‌ಗಳ ಮೂಲ ಗರಡಿಯ ಭಾರಿ ಮುದ್ಗರ. 19ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಇದನ್ನು ಕಂಡು ತಮ್ಮ ನಾಡಿಗೆ ಒಯ್ದರು. ಅಲ್ಲಿ ತೂಕ ಇಳಿದು ಅಂಗಸಾಧನೆಯ ಪಾಠಗಳಲ್ಲಿ ಸೇರಿತು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಕ್ಲಬ್ ತಿರುಗಿಸುವುದೇ ಒಂದು ಸ್ಪರ್ಧೆಯಾಗಿತ್ತು. ಆ ರಾತ್ರಿ ಇದನ್ನು ಓದುವಾಗ ನನಗೆ ಹೆಮ್ಮೆಗಿಂತ ಹೆಚ್ಚಾಗಿ ಬೇಸರವಾಯಿತು. ಇಷ್ಟು ಹತ್ತಿರದ್ದನ್ನು ಇಷ್ಟು ತಡವಾಗಿ ಮುಟ್ಟಿದೆನಲ್ಲ ಎಂದು.

ಮೂರನೆಯ ವಾರ ಒಂದು ಕಿಲೋದ ಜೋಡಿಗೆ ಹೋದೆ. ಎರಡೇ ದಿನಕ್ಕೆ ಬಲಹೆಗಲು ಕಿವಿಯತ್ತ ಏರಿ ಕೂತಿತು, ಹಳೆಯ ಚಳುಕು ತಲೆ ಎತ್ತಿತು. ಮತ್ತೆ ಅರ್ಧ ಕಿಲೋಗೆ ಇಳಿದೆ, ಈಗಲೂ ಅದರಲ್ಲೇ ಇದ್ದೇನೆ. ಭುಜದ ಚಲನೆ ತೆರೆಯಲು ಹೊರಟವರು ತೂಕದ ಲೆಕ್ಕಕ್ಕೆ ಬೀಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೋವು ಬಂದರೆ ಸುತ್ತನ್ನು ಕಿರಿದು ಮಾಡಬೇಕು, ವೇಗ ಇಳಿಸಬೇಕು. ಭುಜ ಒಮ್ಮೆ ಕಳಚಿದ್ದವರು, ಈಚೆಗೆ ಸ್ನಾಯು ಹರಿದುಕೊಂಡವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟುವುದು ಬೇಡ.

ಆಟಕ್ಕೆ ಮರಳಿದ್ದೇನೆ. ಕೋರ್ಟಿಗೆ ಹೋಗುವ ಮೊದಲು ಎಂಟು ಹತ್ತು ನಿಮಿಷ ಕ್ಲಬ್ ತಿರುಗಿಸದ ದಿನವಿಲ್ಲ. ಇವತ್ತು ಬೆಳಿಗ್ಗೆಯೂ ದೀಪಕ್ಕೆ ಬೆನ್ನು ಕೊಟ್ಟು ಗೋಡೆಯ ಎದುರು ನಿಂತೆ. ಎಡದ ನೆರಳು ಎಂದಿನಂತೆ ದುಂಡಗೆ. ಬಲದ್ದು ಕಿವಿಯ ಮಟ್ಟ ದಾಟಿ, ಮೊಣಕೈ ಮಡಿಚದೆ ಮೇಲೇರಿತು. ನೆತ್ತಿಯ ಬಳಿ ಮಾತ್ರ ಎರಡು ಬೆರಳಿನಷ್ಟು ಚಪ್ಪಟೆ ಇನ್ನೂ ಉಳಿದಿದೆ.