ವಜ್ರದೇಹ ಬೇಡಿದವರ ಒಂಬತ್ತು ದಿನ: ಯುಗಾದಿಯಿಂದ ರಾಮನವಮಿಗೆ

ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ ।
ಸರ್ವಾರಿಷ್ಟವಿನಾಶಾಯ ನಿಂಬಕಂದಳಭಕ್ಷಣಮ್ ॥

ಯುಗಾದಿಯ ಬೆಳಗ್ಗೆ ಈ ಶ್ಲೋಕ ಹೇಳಿ ಬೇವು-ಬೆಲ್ಲ ತಿನ್ನುವಾಗ ದೇವರಲ್ಲಿ ಮೊದಲು ಕೇಳುವುದು ನೂರು ವರ್ಷದ ಆಯಸ್ಸು, ವಜ್ರದಂಥ ಮೈ. ಸಂಪತ್ತಿನ ಮಾತು ಆಮೇಲೆ. ಕೇಳಿದ್ದೇನೋ ಸರಿ, ಮಧ್ಯಾಹ್ನ ನಾಲ್ಕು ಹೋಳಿಗೆ ಹೊಡೆದು ಸಂಜೆವರೆಗೆ ಮಲಗಿದರೆ ಆ ವಜ್ರದೇಹ ಕೊಡುವವರಾದರೂ ಯಾರು? ಚಳಿಗಾಲದಲ್ಲಿ ಸೇರಿಕೊಂಡ ಕಫ ವಸಂತದ ಬಿಸಿಲಿಗೆ ಕರಗಿ ಜೀರ್ಣಶಕ್ತಿಯನ್ನು ಕುಂದಿಸುತ್ತದೆ ಎನ್ನುತ್ತದೆ ಆಯುರ್ವೇದ. ಈ ಋತುವಿನಲ್ಲಿ ಜಿಡ್ಡು, ಸಿಹಿ, ಹುಳಿ, ಹಗಲುನಿದ್ದೆ ಕಡಿಮೆ ಮಾಡಿ ಎಂದು ಅದು ಹೇಳುವುದು ಇದಕ್ಕೇ. ಚೈತ್ರ ಪಾಡ್ಯದಿಂದ ನವಮಿವರೆಗಿನ ವಸಂತ ನವರಾತ್ರಿಯನ್ನು ವ್ರತವಾಗಿ ಹಿಡಿದರೆ ಪೂಜೆಯ ಜೊತೆಗೇ ಈ ಪಥ್ಯವೂ ನಡೆಯುತ್ತದೆ. (ತಿಥಿ ಕ್ಷಯವಾದ ವರ್ಷ ಎಂಟೇ ದಿನ ಸಿಗಬಹುದು, ಪಂಚಾಂಗ ನೋಡಿಕೊಳ್ಳಿ.)

ಬೇವಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಬಲಿತ ಎಲೆ ಕೀಳುವುದು. ಶ್ಲೋಕ ಹೇಳುವುದು ಚಿಗುರನ್ನು. ಕೆಂಪು ತಿರುಗಿದ ಎಳೆ ಚಿಗುರು, ಇಲ್ಲವೇ ಆಗಷ್ಟೇ ಅರಳಿದ ಹೂವು ಸಾಕು. ನಾಲ್ಕು ಜನಕ್ಕೆ ಎರಡು ಚಮಚ ಹೂವು, ಎರಡು ಚಮಚ ಪುಡಿಬೆಲ್ಲ, ಒಂದು ಚಮಚ ಹುರಿಗಡಲೆ. ರಸ್ತೆ ಬದಿಯ ಮರದ್ದಾದರೆ ಎರಡು ಮೂರು ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಆರಿಸಿ. ಮಕ್ಕಳಿಗೆ ಒಂದೆರಡು ಹೂವಷ್ಟೇ. ಬಸುರಿಯರು ಹಣೆಗೊತ್ತಿಕೊಂಡು ಬೆಲ್ಲ ತಿಂದರೆ ಯಾವ ದೋಷವೂ ಇಲ್ಲ. ಒಳ್ಳೆಯದೆಂದು ದಿನಾ ಹಿಡಿ ಹಿಡಿ ಬೇವು ಅಗಿಯುವುದು ಭಕ್ತಿಯಲ್ಲ, ಹಟ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಂತೂ ಮಾಡಲೇಬಾರದು.

ಹೋಳಿಗೆ ಬಿಡಬೇಕಿಲ್ಲ. ಅದು ನೈವೇದ್ಯ. ಒಂದನ್ನು ತುಪ್ಪ ಹಾಕಿಕೊಂಡೇ ತಿನ್ನಿ, ಊಟದ ಕೊನೆಗಲ್ಲ, ಮೊದಲಿಗೆ. ಹಸಿವು ತಣಿದ ಮೇಲೆ ಬರುವ ಹೋಳಿಗೆಗೆ ಲೆಕ್ಕವಿರುವುದಿಲ್ಲ.

ಸೂರ್ಯನಮಸ್ಕಾರ ಹೊಸದಾಗಿ ಶುರುಮಾಡುವವರಿಗೂ ಈ ಒಂಬತ್ತು ದಿನ ಚೆನ್ನ. ಮಿತ್ರ, ರವಿ, ಸೂರ್ಯ, ಭಾನು, ಖಗ, ಪೂಷ, ಹಿರಣ್ಯಗರ್ಭ, ಮರೀಚಿ, ಆದಿತ್ಯ, ಸವಿತೃ, ಅರ್ಕ, ಭಾಸ್ಕರ ಎಂಬ ಹನ್ನೆರಡು ನಾಮಗಳನ್ನು ಯಾವ ದಿನವೂ ಬಿಡದೆ ಹೀಗೆ ಏರಿಸಬಹುದು: ಮೊದಲ ಮೂರು ದಿನ ನಾಲ್ಕು ನಮಸ್ಕಾರ, ಒಂದಕ್ಕೆ ಮೂರು ನಾಮ, ಮುಂದಿನ ಮೂರು ದಿನ ಆರು, ಒಂದಕ್ಕೆ ಎರಡು ನಾಮ, ಕೊನೆಯ ಮೂರು ದಿನ ಹನ್ನೆರಡು, ಒಂದೊಂದೇ ನಾಮ. ಮೈ ಒಪ್ಪದಿದ್ದರೆ ಆರರಲ್ಲೇ ನಿಲ್ಲಿ. ಹಣೆಯಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧ ಶಕ್ತಿ ಖರ್ಚಾಯಿತೆಂದು ಅರ್ಥ, ಅಲ್ಲಿಗೆ ಸಾಕು. ಸಾಷ್ಟಾಂಗದಲ್ಲಿ ಹೊಟ್ಟೆಯನ್ನು ನೆಲಕ್ಕೆ ಧೊಪ್ಪನೆ ಬಿಡಬೇಡಿ, ಮಂಡಿ, ಎದೆ, ಗಲ್ಲ ತಾಗಿ ಸೊಂಟ ಮೇಲಿರಬೇಕು. ಭುಜಂಗಾಸನದಲ್ಲಿ ಕೈಯಿಂದಲೇ ಮೈಯೆತ್ತಿದರೆ ಮರುದಿನ ಸೊಂಟ ಹಿಡಿಯುತ್ತದೆ. ಬೆನ್ನಿನ ಬಲದಿಂದ ಏಳಿ. ರಕ್ತದೊತ್ತಡ, ಹರ್ನಿಯಾ, ಡಿಸ್ಕ್ ತೊಂದರೆ ಇದ್ದವರು ಬೆಳಗ್ಗೆ ಎಂಟರೊಳಗೆ ದೇವಸ್ಥಾನದಲ್ಲಿ ಅರ್ಧ ಗಂಟೆ ಬಿರುಸಾಗಿ ಪ್ರದಕ್ಷಿಣೆ ಹಾಕಲಿ. ಆಮೇಲೆ ಕಲ್ಲು ಕಾಯುತ್ತದೆ, ಬರಿಗಾಲಲ್ಲಿ ಆಗದು.

ಒಪ್ಪೊತ್ತು ಮಾಡುವವರು ಎಡವುವುದು ರಾತ್ರಿಯ ಫಲಾಹಾರದಲ್ಲಿ. ಸಬ್ಬಕ್ಕಿ ಬರೀ ಪಿಷ್ಟ. ಅದನ್ನು ಎಣ್ಣೆಯಲ್ಲಿ ಕರಿದು ವಡೆ ಮಾಡಿದರೆ ಬಿಟ್ಟ ಅನ್ನವೇ ವಾಸಿ. ಅದರ ಬದಲು ಕೋಸಂಬರಿಯನ್ನು ನವಮಿಗೆಂದು ಕಾಯಿಸದೆ ದಿನವೂ ಮಾಡಿಕೊಳ್ಳಿ. ನಾಲ್ಕು ಜನಕ್ಕೆ ಅರ್ಧ ಲೋಟ ಹೆಸರುಬೇಳೆ, ಒಂದು ಗಂಟೆ ನೆನೆ. ಉಗುರಲ್ಲಿ ಒತ್ತಿದರೆ ಮುರಿಯಬೇಕು, ಹಿಟ್ಟಾಗಬಾರದು. ಹೊತ್ತು ಹೆಚ್ಚಾದರೆ ಬೇಳೆ ಮೆತ್ತಗಾಗಿ ಈ ಸೆಖೆಗೆ ಹುಳಿವಾಸನೆ ಬರುತ್ತದೆ. ನೀರು ಪೂರಾ ಬಸಿದು, ಒಂದು ಎಳೆ ಸೌತೆಕಾಯಿ, ಎರಡು ಚಮಚ ಮಾವಿನಕಾಯಿ ತುರಿ, ಹಿಡಿ ಕಾಯಿತುರಿ, ಕೊತ್ತಂಬರಿ ಸೊಪ್ಪು ಸೇರಿಸಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆ. ಮಾವಿನಕಾಯಿ ಹಾಕಿದರೆ ನಿಂಬೆ ಬೇಡ. ಉಪ್ಪು ಮಾತ್ರ ಬಡಿಸುವ ಮುಂಚೆ. ಮೊದಲೇ ಹಾಕಿದರೆ ಸೌತೆಕಾಯಿ ನೀರುಬಿಟ್ಟು ತಳದಲ್ಲಿ ಸಾರಾಗುತ್ತದೆ. ಕಡಲೆಬೇಳೆಯದೂ ರುಚಿಯೇ, ಆದರೆ ಮೂರು ಗಂಟೆ ನೆನೆಯಬೇಕು, ಹೊಟ್ಟೆಗೂ ಭಾರ.

ಪಾನಕಕ್ಕೆ ಒಂದು ಲೀಟರ್ ನೀರು, 100 ಗ್ರಾಂ ಬೆಲ್ಲ. ಬೆಲ್ಲ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ, ಕಲ್ಲು-ಕಸ ಇದ್ದೇ ಇರುತ್ತದೆ. ಅರ್ಧ ಚಮಚ ಒಣಶುಂಠಿ, ಕಾಲು ಚಮಚ ಮೆಣಸಿನಪುಡಿ (ಕರಿಮೆಣಸು!), ಎರಡು ಏಲಕ್ಕಿ, ಚಿಟಿಕೆ ಉಪ್ಪು, ಕೊನೆಗೆ ಒಂದು ನಿಂಬೆಹಣ್ಣಿನ ರಸ. ಶುಂಠಿ ಮೆಣಸು ಕಮ್ಮಿ ಮಾಡಿದರೆ ಅದು ಬರೀ ಬೆಲ್ಲದ ನೀರು. ಐದು ಲೋಟಕ್ಕೆ ಹಂಚಿದರೂ ಒಬ್ಬೊಬ್ಬರಿಗೆ 20 ಗ್ರಾಂ ಬೆಲ್ಲ ಬಂತು, ಹಾಗಾಗಿ ಸಕ್ಕರೆ ಕಾಯಿಲೆಯವರಿಗೆ ತೀರ್ಥದಂತೆ ಒಂದು ಉದ್ಧರಣೆ. ಅವರ ಪಾಲಿನ ಪ್ರಸಾದ ನೀರುಮಜ್ಜಿಗೆ. ಒಂದು ಲೋಟ ಮೊಸರು ಕಡೆದು ಬೆಣ್ಣೆ ತೆಗೆದು, ಮೂರು ನಾಲ್ಕು ಲೋಟ ನೀರು, ಜಜ್ಜಿದ ಹಸಿಶುಂಠಿ, ಕರಿಬೇವು, ಇಂಗು, ಉಪ್ಪು.

ನವಮಿಯ ದಿನ ಬೀದಿಯಲ್ಲಿ ಹಂಚುವವರಿಗೆ ಒಂದು ಮಾತು. ಪಾನಕಕ್ಕೆ ಕಾಯಿಸಿ ಆರಿಸಿದ ನೀರನ್ನೇ ಬಳಸಿ, ಅಂಗಡಿಯ ಐಸ್ ಹಾಕಬೇಡಿ, ಹಿಂದಿನ ರಾತ್ರಿಯೇ ಮಣ್ಣಿನ ಗಡಿಗೆಗೆ ತುಂಬಿಟ್ಟರೆ ಬೇಕಾದಷ್ಟು ತಂಪು. ನಿಂಬೆರಸವನ್ನು ಮಾತ್ರ ಬೆಳಗ್ಗೆ ಹಿಂಡಿ. ಕೋಸಂಬರಿಗೆ ಉಪ್ಪನ್ನು ಪಾತ್ರೆಗೆಲ್ಲ ಒಟ್ಟಿಗೆ ಹಾಕದೆ, ನೂರು ದೊನ್ನೆಗಾಗುವಷ್ಟನ್ನು ಬೇರೆ ತೆಗೆದು ಕಲಸುತ್ತಾ ಹೋಗಿ.